ತೋಟದ ಮನೆಗೆ 40 ಮೀಟರ್ ತಂತಿ ಆಂಟೆನಾ: ಡೈಪೋಲ್ ಹಾಕಲೋ, ಎಂಡ್ ಫೆಡ್ ಹಾಕಲೋ?

ಹಾನುಬಾಳು_ತೋಟ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಕೈಗೆ ಬಂದಿದೆ. 100 ವ್ಯಾಟಿನ ಹಳೇ ಎಚ್‌ಎಫ್ ರಿಗ್ (ಶಾರ್ಟ್‌ವೇವ್‌ನಲ್ಲಿ ಕಳಿಸಿ ಕೇಳೋ ರೇಡಿಯೋ) ಒಂದು ಮೈಸೂರಿನ ಸ್ನೇಹಿತರಿಂದ ಸಿಕ್ಕಿದೆ. ಇನ್ನು 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಸ್ ಸುತ್ತಿನ ತರಂಗ) ಆಂಟೆನಾದ್ದೇ ಬಾಕಿ.

ನಮ್ಮದು ಹೆಂಚಿನ ಮನೆ. ಮುಂದೆ ಕಾಫಿ ಒಣಗಿಸೋ ಕಣ, ಹಿಂದೆ ಇಳಿಜಾರು ತೋಟ. ತೋಟದ ತುಂಬಾ ಸಿಲ್ವರ್ ಮರ, ಎಲ್ಲಕ್ಕೂ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಕಣದ ಆಚೆ ರಸ್ತೆ, ರಸ್ತೆಗುಂಟ 11 ಕೆವಿ ಲೈನು.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಇಲ್ಲಿ ದಿನಗಟ್ಟಲೆ ಬರೋದಿಲ್ಲ. ಟವರಿನ ಬ್ಯಾಟರಿ ಮುಗಿದರೆ ಫೋನೂ ಇಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿದಾಗ ಅಲ್ಲಿರೋ ನಮ್ಮ ನೆಂಟರು ಹೇಗಿದ್ದಾರೆ ಅಂತ ತಿಳಿಯದೆ ಮನೆಯವರೆಲ್ಲ ಒದ್ದಾಡಿದ್ದೆವು. ನಾನು ಪರೀಕ್ಷೆಗೆ ಕೂತಿದ್ದೇ ಅದಾದ ಮೇಲೆ. ಹಾಗಾಗಿ ನನಗೆ ಮೊದಲು ಬೇಕಾದ್ದು ಬೆಂಗಳೂರು, ಮೈಸೂರು, ಮಂಗಳೂರಿನ ಹ್ಯಾಮ್‌ಗಳ ಜೊತೆ ಗಟ್ಟಿ ಸಂಪರ್ಕ. ವಿದೇಶ ಸಿಕ್ಕರೆ ಸಂತೋಷ, ಆದರೆ ಅದು ಎರಡನೇದು.

ಡೈಪೋಲ್ (ಕೇಬಲ್ ತಂತಿಯ ನಡುವಿಂದ ಇಳಿಯೋದು), ಎಂಡ್ ಫೆಡ್ (ತುದಿಯಿಂದ ಇಳಿಯೋದು), ಇನ್ವರ್ಟೆಡ್ ವಿ, ಜಿ5ಆರ್‌ವಿ ಅಂತ ಬೇರೆ ಬೇರೆ ತಂತಿ ಆಂಟೆನಾ ಬಗ್ಗೆ ಓದಿ ಓದಿ ಯಾವುದೂ ತೀರ್ಮಾನ ಆಗ್ತಿಲ್ಲ. ಎತ್ತರ ಹೋದಷ್ಟೂ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ. 20 ಮೀಟರ್ ದಾಟಿದ ಸಿಲ್ವರ್ ಮರಗಳಿವೆ. ತುದಿಗೇ ಕಟ್ಟಿಸಿಬಿಡಲಾ?


ಪೇಟೆ_ಹ್ಯಾಮ್ (ಹಾಸನ)

ದಯವಿಟ್ಟು ತುದಿಗೆ ಕಟ್ಟಿಸಬೇಡಿ. ನಿಮ್ಮ ಕೆಲಸಕ್ಕೆ ಅದು ನೇರ ತೊಂದರೆ.

ಯಾರ ಜೊತೆ ಮಾತಾಡಬೇಕು ಅನ್ನೋದನ್ನ ನೀವೇ ಸ್ಪಷ್ಟವಾಗಿ ಹೇಳಿದ್ದೀರಿ, ಅರ್ಧ ಉತ್ತರ ಅಲ್ಲೇ ಇದೆ. ನಿಮ್ಮಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್, ಮಂಗಳೂರು ಅದಕ್ಕಿಂತ ಎಷ್ಟೋ ಹತ್ತಿರ. ಆದರೆ ಮಧ್ಯದಲ್ಲಿ ಘಟ್ಟ, ಗುಡ್ಡ, ಕಾಡು. ನೆಲಕ್ಕಂಟಿ ಹೋಗೋ ಸಿಗ್ನಲ್ ಎರಡು ಗುಡ್ಡ ದಾಟೋಷ್ಟರಲ್ಲಿ ಸತ್ತುಹೋಗುತ್ತೆ. ದಾರಿ ಇರೋದು ಮೇಲೆ. ಸಿಗ್ನಲ್ ಹೆಚ್ಚುಕಡಿಮೆ ನೆತ್ತಿಯ ಮೇಲಕ್ಕೇ ಹೋಗಬೇಕು, ಸುಮಾರು 250-300 ಕಿಲೋಮೀಟರ್ ಎತ್ತರದಲ್ಲಿ ಅಯಾನುಗೋಳದ (ಮೇಲಿನ ವಾತಾವರಣದಲ್ಲಿ ವಿದ್ಯುತ್ ಕಣಗಳಿರೋ ಭಾಗ) ಎಫ್ ಪದರಕ್ಕೆ ತಗುಲಿ ಹಾಗೇ ಕೆಳಗೆ ಸುರೀಬೇಕು. ಎನ್‌ವಿಐಎಸ್ ಅಂತಾರಲ್ಲ, ಅದು ಇದೇ. ಮೇಲಿಂದ ಬೀಳೋ ಸಿಗ್ನಲ್‌ಗೆ ಗುಡ್ಡ ಅಡ್ಡ ಬರೋದಿಲ್ಲ. ನೀವು ಕಣಿವೆಯ ತಳದಲ್ಲಿದ್ದರೂ ಸರಿ, ಸುತ್ತಲೂ 300-400 ಕಿಲೋಮೀಟರ್‌ವರೆಗೆ ಎಲ್ಲ ಕಡೆ ಕೇಳುತ್ತೆ.

ಈಗ ಎತ್ತರದ ಲೆಕ್ಕ. 7 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಸುಮಾರು 42 ಮೀಟರ್. ಅಡ್ಡ ಕಟ್ಟಿದ ಡೈಪೋಲ್ ನೆಲದಿಂದ ಅದರ ಅರ್ಧದಷ್ಟು, ಅಂದರೆ 20-21 ಮೀಟರ್ ಎತ್ತರದಲ್ಲಿದ್ದರೆ ಅದರ ಶಕ್ತಿಯ ಹೆಚ್ಚಿನ ಪಾಲು ದಿಗಂತದಿಂದ ಸುಮಾರು 30 ಡಿಗ್ರಿ ಸುತ್ತಮುತ್ತ ಹೋಗುತ್ತೆ, ನೇರ ನೆತ್ತಿಯ ಕಡೆಗೆ ತೀರಾ ಕಡಿಮೆ ಉಳಿಯುತ್ತೆ. ದೆಹಲಿ, ಕೊಲ್ಲಿ ದೇಶ, ಜಪಾನ್ ಬೇಕು ಅನ್ನೋರಿಗೆ ಅದು ಹಬ್ಬ. ನಿಮಗೆ ಬೇಕಾದ ಬೆಂಗಳೂರು ಮಾತ್ರ ಅದರಿಂದ ಮಸುಕಾಗುತ್ತೆ. ಅದೇ ತಂತಿಯನ್ನ 8-10 ಮೀಟರ್‌ಗೆ ಇಳಿಸಿ, ಅಂದರೆ ಕಾಲು ತರಂಗ ಅಥವಾ ಅದಕ್ಕೂ ಸ್ವಲ್ಪ ಕಡಿಮೆ. ಆಗ ಶಕ್ತಿಯ ಹೆಚ್ಚಿನ ಪಾಲು ನೇರ ಮೇಲಕ್ಕೆ.

ನಮ್ಮ ಭಾಗಕ್ಕೆ ಇನ್ನೊಂದು ಅನುಕೂಲವೂ ಇದೆ. ಭೂಕಾಂತೀಯ ಸಮಭಾಜಕ ರೇಖೆ ಕೇರಳದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತೆ. 1963ರಲ್ಲಿ ರಾಕೆಟ್ ಹಾರಿದ, ತಿರುವನಂತಪುರದ ಹತ್ತಿರದ ತುಂಬಾ ಅನ್ನೋ ಊರನ್ನ ಆರಿಸಿದ್ದೂ ಅದೇ ಕಾರಣಕ್ಕೆ. ಈ ರೇಖೆಗೆ ಹತ್ತಿರ ಇರೋ ನಮ್ಮ ಮೇಲೆ ಅಯಾನುಗೋಳ ದಟ್ಟ. ಯೂರೋಪಿನವರಿಗೆ ಎಷ್ಟೋ ದಿನ ನೆತ್ತಿಯ ಮೇಲಕ್ಕೆ ಕಳಿಸಿದ 7 ಮೆಗಾಹರ್ಟ್ಸ್ ವಾಪಸ್ ಬರೋದೇ ಇಲ್ಲ, ಅವರು 5 ಅಥವಾ 3.5ಕ್ಕೆ ಇಳೀಬೇಕು. ನಮಗೆ ಹಗಲಿಡೀ 40 ಮೀಟರ್ ಸಾಕು. ಹೊರದೇಶದವರು ಬರೆದ ಸಲಹೆಗಳನ್ನ ಓದುವಾಗ ಇದು ತಲೇಲಿರಲಿ.

ಹಾಸನದಲ್ಲಿ ಆಂಟೆನಾ ಅಂದರೆ ಜನಕ್ಕೆ ತಟ್ಟನೆ ನೆನಪಾಗೋದು ಎಂಸಿಎಫ್‌ನ ದೊಡ್ಡ ಡಿಶ್‌ಗಳು. 1982ರಿಂದ ಇಲ್ಲಿಂದಲೇ ಇಸ್ರೋ ಉಪಗ್ರಹಗಳನ್ನ ನಡೆಸ್ತಿದೆ. ಅದನ್ನ ನೋಡಿ ಬೆಳೆದ ಹುಡುಗರು ನನ್ನ ಮನೆಗೆ ಬಂದು, ಇಷ್ಟು ತೆಳ್ಳಗಿನ ತಂತೀಲಿ ಕೆಲಸ ಆಗುತ್ತಾ ಅಂತ ಕೇಳ್ತಾರೆ. ಆಗುತ್ತೆ. ಎತ್ತರ ಮತ್ತು ಉದ್ದ ಸರಿಯಾಗಿರಬೇಕು, ಅಷ್ಟೇ.

ಸಾದಾ ಡೈಪೋಲ್ ಹಾಕಿ. 73 (ಹ್ಯಾಮ್‌ಗಳ ಶುಭಾಶಯ).


ತೆಂಗಿನ_ಸೀಮೆ (ಅರಸೀಕೆರೆ)

ಪೇಟೆ ಹ್ಯಾಮ್ ಸಾರ್ ಎತ್ತರದ ಬಗ್ಗೆ ಹೇಳಿದ್ದು ಒಪ್ಪಿದೆ. ಆಂಟೆನಾ ಆಯ್ಕೆ ಮಾತ್ರ ಇನ್ನೊಂದು ಸಲ ಯೋಚಿಸಿ ಅಂತೀನಿ.

ಡೈಪೋಲ್‌ಗೆ ಕೇಬಲ್ ನಟ್ಟನಡುವಿಂದ ಇಳಿಯುತ್ತೆ. ನಡು ಭಾಗ ತೋಟದ ಮಧ್ಯೆ ಬಂದರೆ ಅಲ್ಲಿಂದ ಮನೆವರೆಗೂ ಕೇಬಲ್ ಎಳೀಬೇಕು, ಉದ್ದ ಹೆಚ್ಚಿದಷ್ಟೂ ನಷ್ಟ, ಖರ್ಚು. ಎಂಡ್ ಫೆಡ್ ಆದರೆ ಟ್ರಾನ್ಸ್‌ಫಾರ್ಮರ್ ಡಬ್ಬಿ ಮನೆಯ ಸೂರಿನ ಹತ್ತಿರ, ತಂತಿಯ ಇನ್ನೊಂದು ತುದಿ ಮರಕ್ಕೆ. ಒಂದೇ ಮರ ಸಾಕು. 20 ಮೀಟರ್ ತಂತಿ ಟ್ಯೂನರ್ (ಆಂಟೆನಾವನ್ನ ರಿಗ್‌ಗೆ ಹೊಂದಿಸೋ ಡಬ್ಬಿ) ಇಲ್ಲದೆ 40, 20, 15, 10 ಮೀಟರ್ ನಾಲ್ಕೂ ಬ್ಯಾಂಡ್ ಕೊಡುತ್ತೆ.

ಅರ್ಧ ತರಂಗದ ತಂತಿಗೆ ತುದಿಯಿಂದ ಫೀಡ್ ಮಾಡಿದಾಗ ಇಂಪೀಡೆನ್ಸ್ (ಸಿಗ್ನಲ್ ಕರೆಂಟ್‌ಗೆ ಇರೋ ತಡೆ) ಎರಡೂವರೆ ಸಾವಿರ ಓಮ್, ಅದಕ್ಕೂ ಹೆಚ್ಚು. ಅದನ್ನ 50 ಓಮ್‌ಗೆ ಇಳಿಸೋಕೆ 49:1 ಅನ್‌ಅನ್ (ಆ ಟ್ರಾನ್ಸ್‌ಫಾರ್ಮರ್) ಬೇಕು. ಎಫ್‌ಟಿ240-43 ಫೆರೈಟ್ ಉಂಗುರಕ್ಕೆ ಪ್ರೈಮರಿ 2 ಸುತ್ತು, ಒಟ್ಟು 14 ಸುತ್ತು, ಇನ್‌ಪುಟ್‌ಗೆ ಅಡ್ಡಲಾಗಿ 100 ಪಿಕೋಫ್ಯಾರಡ್‌ನ ಹೈ ವೋಲ್ಟೇಜ್ ಕೆಪಾಸಿಟರ್. ಮನೇಲೇ ಸುತ್ತಬಹುದು. ನಮ್ಮ ತೆಂಗಿನ ತೋಟದಲ್ಲಿ ಇದೇ ಇರೋದು, ಬೆಂಗಳೂರಿನವರು ದಿನಾ ಸಿಗ್ತಾರೆ.


ಪೇಟೆ_ಹ್ಯಾಮ್ (ಹಾಸನ)

ಅರಸೀಕೆರೆ ಅಣ್ಣ, ನಿಮ್ಮಲ್ಲಿ ಅದು ಚೆನ್ನಾಗಿ ನಡೀತಿದೆ ಅಂತ ಗೊತ್ತು, ನಿಮ್ಮ ಸಿಗ್ನಲ್ ಕೇಳಿದ್ದೀನಿ. ಎಂಡ್ ಫೆಡ್ ಬೇಡ ಅನ್ನೋಕೆ ನನ್ನ ಕಾರಣ ಬೇರೆ.

ಒಂದು, ಎಂಡ್ ಫೆಡ್‌ಗೆ ಹಿಂದಿರುಗೋ ಕರೆಂಟ್‌ಗೂ ಒಂದು ದಾರಿ ಬೇಕಲ್ಲ, ಅದು ಕೇಬಲ್ಲಿನ ಹೊರ ಹೊದಿಕೆಯನ್ನೇ ದಾರಿ ಮಾಡ್ಕೊಳ್ಳುತ್ತೆ. ಆಗ ಕೇಬಲ್ಲೂ ಆಂಟೆನಾದ ಭಾಗ. ಮನೆಯೊಳಗಿನ ಎಲ್‌ಇಡಿ ಬಲ್ಬು, ಯುಪಿಎಸ್, ಚಾರ್ಜರ್ ಹುಟ್ಟಿಸೋ ಗದ್ದಲವೆಲ್ಲ ಅದೇ ದಾರೀಲಿ ರಿಗ್‌ಗೆ ಬಂದು ಕೂರುತ್ತೆ. ಚೋಕ್ (ಹೊದಿಕೆಯ ಕರೆಂಟ್ ತಡೆಯೋ ಸುರುಳಿ) ಹಾಕಿದರೆ ಕಡಿಮೆ ಆಗುತ್ತೆ, ಆದರೆ ಎಲ್ಲಿ ಹಾಕಬೇಕು ಅನ್ನೋದು ಪ್ರತಿ ಮನೆಗೂ ಬೇರೆ. ಡೈಪೋಲ್ ನಡುವೆ 1:1 ಕರೆಂಟ್ ಬಾಲನ್ (ಅದೇ ಕೆಲಸ ಮಾಡೋ ಸುರುಳಿ) ಒಂದು ಕೂತರೆ ಆ ತಲೆನೋವು ಬಹುಪಾಲು ಮುಗೀತು.

ಎರಡು, 100 ವ್ಯಾಟ್ ಹಾಕಿದಾಗ ಎಂಡ್ ಫೆಡ್‌ನ ಡಬ್ಬಿಯ ಬಾಯಲ್ಲಿ 495 ವೋಲ್ಟ್ ಆರ್‌ಎಂಎಸ್ ಇರುತ್ತೆ, ಶಿಖರ 700. ಅದು ಮನೆಯ ಸೂರಿನ ಕೆಳಗೆ, ಬಟ್ಟೆ ಒಣಹಾಕೋ ಕಡೆ, ಮಕ್ಕಳು ಓಡಾಡೋ ಕಡೆ ಬರೋದು ನನಗೆ ಒಪ್ಪಿಗೆಯಿಲ್ಲ. ಡೈಪೋಲ್‌ಗೂ ತುದಿಗಳಲ್ಲಿ ಜೋರು ವೋಲ್ಟೇಜ್ ಇದೆ, ಆದರೆ ಅವು ಮರದ ಹತ್ತಿರ, ಕೈಗೆಟುಕದಷ್ಟು ಮೇಲೆ.

ಒಂದೇ ಮರ ಇರೋರಿಗೆ, ಬಾಡಿಗೆ ಮನೇಲಿರೋರಿಗೆ ಎಂಡ್ ಫೆಡ್ ಸರಿ. ತೋಟ ಇಟ್ಟುಕೊಂಡವರಿಗೆ ಮರದ ಕೊರತೆಯೇ?


ಹಾನುಬಾಳು_ತೋಟ (ಸಕಲೇಶಪುರ)

ಇಬ್ಬರಿಗೂ ಧನ್ಯವಾದ. ಸಂಜೆ ಟೇಪ್ ಹಿಡ್ಕೊಂಡು ಅಳೆದು ನೋಡಿದೆ. ಮನೆ ಹಿಂದೆ ಎರಡು ಸಿಲ್ವರ್ ಮರ, ಮಧ್ಯೆ 26 ಮೀಟರ್. ಎರಡರಲ್ಲೂ 10 ಮೀಟರ್ ಆಸುಪಾಸಿಗೆ ಗಟ್ಟಿ ಕವಲಿದೆ. ನಡುವಿನ ಜಾಗದಿಂದ ನನ್ನ ಕೋಣೆ ಕಿಟಕಿಗೆ ದೂರ ಹೆಚ್ಚಿಲ್ಲ, 22 ಮೀಟರ್ ಕೇಬಲ್ ಸಾಕು. 11 ಕೆವಿ ಲೈನ್ ಮನೆಯ ಆಚೆ ಬದಿಗೆ ಉಳಿಯುತ್ತೆ. ಹಾಗಾದರೆ ಡೈಪೋಲೇ.

ತಂತಿ, ಕೇಬಲ್ ಯಾವುದು ತರಲಿ? ಇನ್ನೊಂದು, ಮೆಣಸಿನ ಬಳ್ಳಿಗೆ ಏನಾದರೂ ಆಗುತ್ತಾ ಅಂತ ಅಪ್ಪ ಕೇಳ್ತಿದ್ದಾರೆ.


ಬೆಸುಗೆ_ಬೆಂಚು (ಬೇಲೂರು)

ಬಳ್ಳಿಗೆ ರೇಡಿಯೋದಿಂದ ಏನೂ ಆಗೋದಿಲ್ಲ ಅಂತ ಅಪ್ಪಾಜಿಗೆ ಹೇಳಿ. ಹಗ್ಗ ಉಜ್ಜಿದರೆ ಮಾತ್ರ ಬಳ್ಳಿ ಹಾಳು, ಬಳ್ಳಿ ಇಲ್ಲದ ಬದಿಯಿಂದ ಹಗ್ಗ ಇಳಿಸಿ. ತಂತಿಯ ತುದಿ ಎಲೆಗೆ ತಾಗದ ಹಾಗೆ ನೋಡ್ಕೊಳ್ಳಿ, ಒದ್ದೆ ಎಲೆ ತಾಗಿದರೆ ಟ್ಯೂನಿಂಗ್ ಓಡಾಡುತ್ತೆ.

ತಂತಿಗೆ ವೈರಿಂಗ್ ಅಂಗಡೀಲಿ ಸಿಗೋ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸಾಕು. 2.5 ತಂದರೆ ಭಾರ ಹೆಚ್ಚು, ಲಾಭ ಇಲ್ಲ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಹಾಗೇ ಇರಲಿ, ಬಿಡಿಸಬೇಡಿ. ಹೊದಿಕೆ ಇದ್ದರೆ ತಂತಿ ಲೆಕ್ಕಕ್ಕಿಂತ ಸ್ವಲ್ಪ ಚಿಕ್ಕದಾಗುತ್ತೆ ಅನ್ನೋದನ್ನ ನೆನಪಿಡಿ. ಮೆತ್ತನೆ ತಾಮ್ರವಾದ್ದರಿಂದ ಮೊದಲ ಕೆಲವು ವಾರ ಎಳೆತಕ್ಕೆ ಹಿಗ್ಗುತ್ತೆ, ಆಮೇಲೆ ನಿಲ್ಲುತ್ತೆ.

ಉದ್ದ: 143ನ್ನ ಮೆಗಾಹರ್ಟ್ಸ್‌ನಿಂದ ಭಾಗಿಸಿ, ಮೀಟರ್ ಸಿಗುತ್ತೆ. ನಮ್ಮ ಬ್ಯಾಂಡ್ 7.0ರಿಂದ 7.2. ನಡುವಿನ 7.1ಕ್ಕೆ 20.14 ಮೀಟರ್, ಒಂದೊಂದು ಬದಿಗೆ 10.07. ನೀವು 10.30 ಕತ್ತರಿಸಿ. ಉದ್ದ ಇದ್ದರೆ ಮಡಚಬಹುದು, ಗಿಡ್ಡ ಆದರೆ ಬೆಸುಗೆ ಹಾಕ್ತಾ ಕೂರಬೇಕು.

ಕೇಬಲ್ 22 ಮೀಟರ್ ಅಂದಿರಿ. ಆ ಉದ್ದಕ್ಕೆ 7 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-58 ತಿನ್ನೋದು ಒಂದು ಡೆಸಿಬಲ್‌ನಷ್ಟು. ಅದು ಆ ಕಡೆಯವರ ಕಿವಿಗೆ ಗೊತ್ತೂ ಆಗೋದಿಲ್ಲ. ಆರ್‌ಜಿ-213 ತುಂಬಾ ಒಳ್ಳೆ ಕೇಬಲ್, ಆದರೆ ನಡುವೆ ಆಸರೆ ಇಲ್ಲದ ಡೈಪೋಲ್‌ಗೆ ಅದನ್ನ ನೇತುಹಾಕಿದರೆ ತಂತಿ ಹೊಟ್ಟೆ ಬಿಟ್ಟು ಕೆಳಗೆ ಜಗ್ಗುತ್ತೆ. ಟಿವಿ ಕೇಬಲ್ ಆರ್‌ಜಿ-6 ಕೂಡ ನಡೆಯುತ್ತೆ, 75 ಓಮ್ ಅನ್ನೋದು ದೊಡ್ಡ ಅಡ್ಡಿಯಲ್ಲ. ಅದರ ಜಾಲರಿ ಅಲ್ಯೂಮಿನಿಯಂ, ಬೆಸುಗೆ ಹಿಡಿಯೋದಿಲ್ಲ, ತಿರುಪಿನ ಕನೆಕ್ಟರೇ ಗತಿ. ಮಲೆನಾಡಿನ ಮಳೆಗೆ ನಾನು ಅದನ್ನ ಹೇಳೋದಿಲ್ಲ.

ಬಾಲನ್‌ಗೆ ಎಫ್‌ಟಿ240-43 ಉಂಗುರಕ್ಕೆ ಅದೇ ಆರ್‌ಜಿ-58ನ್ನ ಹನ್ನೆರಡು ಸುತ್ತು ಸುತ್ತಿ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸಿನಲ್ಲಿಡಿ. ಬಾಕ್ಸಿನ ತಳದಲ್ಲಿ ಸಣ್ಣ ತೂತು ಇರಲಿ, ಒಳಗೆ ಬೆವರಿದ ನೀರು ಇಳಿದುಹೋಗಬೇಕು.

ಸಕಲೇಶಪುರದಲ್ಲಿ ಆಂಟೆನಾ ಹಾಳು ಮಾಡೋದು ಗಾಳಿಗಿಂತ ಹೆಚ್ಚಾಗಿ ನೀರು. ಕನೆಕ್ಟರಿನ ಬಾಯಿ ಕೆಳಮುಖವಾಗಿರಲಿ. ಮೊದಲು ತನಗೆ ತಾನೇ ಅಂಟಿಕೊಳ್ಳೋ ರಬ್ಬರ್ ಟೇಪ್, ಅದರ ಮೇಲೆ ಮಾಮೂಲಿ ಪಿವಿಸಿ ಟೇಪ್. ಸುತ್ತೋದು ಕೆಳಗಿಂದ ಮೇಲಕ್ಕೆ. ಆಗ ಪ್ರತಿ ಸುತ್ತೂ ಕೆಳಗಿನದರ ಮೇಲೆ ಮಂಗಳೂರು ಹೆಂಚಿನ ಹಾಗೆ ಕೂತು ನೀರನ್ನ ಹೊರಗೆ ಜಾರಿಸುತ್ತೆ. ಮೇಲಿಂದ ಕೆಳಗೆ ಸುತ್ತಿದರೆ ಪ್ರತಿ ಅಂಚೂ ನೀರು ಹಿಡಿಯೋ ತುಟಿ. ಒಮ್ಮೆ ಒಳಗೆ ಹೋದ ನೀರು ಜಾಲರಿ ಹಿಡಿದು ಮೀಟರ್‌ಗಟ್ಟಲೆ ಓಡುತ್ತೆ, ತಾಮ್ರ ಕಪ್ಪಾಗುತ್ತೆ. ಆ ಕೇಬಲ್ ಮತ್ತೆ ಸರಿಹೋಗೋದಿಲ್ಲ, ಎಸೀಬೇಕು. ಕಿಟಕಿ ಹತ್ತಿರ ಕೇಬಲ್ ಒಳಗೆ ಬರೋ ಮುಂಚೆ ಒಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ.


ಮಳೆಕಾಡು (ಮೂಡಿಗೆರೆ)

ಮರಕ್ಕೆ ಏರಿಸೋ ವಿಚಾರ ಯಾರೂ ಬರೆದಿಲ್ಲ, ಅಪಾಯ ಇರೋದೇ ಅಲ್ಲಿ. ಸ್ವಲ್ಪ ಉದ್ದ ಆದರೂ ಓದಿ.

ಮೆಣಸು ಕೊಯ್ಯೋ ಅಲ್ಯೂಮಿನಿಯಂ ಏಣಿಯನ್ನ ಈ ಕೆಲಸಕ್ಕೆ ತೋಟದಲ್ಲಿ ಎತ್ತಲೇಬೇಡಿ. ಏಣಿ ಸಾಗಿಸುವಾಗ ಲೈನಿಗೆ ತಾಗಿ ಕೆಲಸದವರು ತೀರಿಕೊಂಡ ಸುದ್ದಿ ನಮ್ಮ ಜಿಲ್ಲೇಲೂ, ನಿಮ್ಮ ಜಿಲ್ಲೇಲೂ, ಕೊಡಗಿನಲ್ಲೂ ಮತ್ತೆ ಮತ್ತೆ ಬರ್ತಾನೇ ಇದೆ. ನಿಮ್ಮ 11 ಕೆವಿ ಆಚೆ ಬದಿಗಿದೆ, ಸರಿ. ಮನೆಗೆ ಬರೋ ಸರ್ವಿಸ್ ವೈರ್ ಎಲ್ಲಿದೆ? ಪಂಪ್‌ಸೆಟ್ಟಿನ ಲೈನ್ ಎಲ್ಲಿದೆ? ತಂತಿ ಕಡಿದುಬಿದ್ದರೆ, ಹಗ್ಗ ಬಿಚ್ಚಿ ಗಾಳಿಗೆ ಹಾರಿದರೆ, ಯಾವ ಕಡೆ ಬಿದ್ದರೂ ಅವಕ್ಕೆ ತಾಗಬಾರದು. ಆಂಟೆನಾದ ಪೂರ್ತಿ ಉದ್ದದಷ್ಟು ದೂರ ಬಿಡಿ. ಲೈನಿನ ಮೇಲೆ ಹಾಯಿಸೋದಂತೂ ಯಾವ ಕಾಲಕ್ಕೂ ಬೇಡ.

ಇನ್ನು ಹಗ್ಗ ಏರಿಸೋದು. ಮರಗಸಿಗೆ (ನೆರಳಿನ ಮರದ ಕೊಂಬೆ ಕಡಿಯೋಕೆ) ಜನ ಬರೋ ಹೊತ್ತಿನಲ್ಲಿ ಕೇಳ್ಕೊಂಡರೆ ಎಲ್ಲಕ್ಕಿಂತ ಸುಲಭ. ಹೇಗೂ ಮರ ಹತ್ತುತ್ತಾರೆ, ಕವಲಿಗೆ ಹಗ್ಗ ಹಾಯಿಸಿ ಕೊಡ್ತಾರೆ, ಆ ಕವಲು ಕಡೀಬೇಡಿ ಅಂತ ಅವತ್ತೇ ತೋರಿಸಿಬಿಡಬಹುದು. ಅಷ್ಟು ದಿನ ಕಾಯೋಕಾಗಲ್ಲ ಅಂದರೆ ಕವಣೆ. ಗಾಳದ ನೈಲಾನ್ ದಾರಕ್ಕೆ ಸೀಸದ ಗುಂಡು ಕಟ್ಟಿ ಹೊಡೀರಿ. ಗುಂಡು ಕವಲು ದಾಟಿ ಆಚೆ ಇಳಿದ ಮೇಲೆ ದಾರಕ್ಕೆ ಸುತಲಿ, ಸುತಲಿಗೆ ಹಗ್ಗ ಕಟ್ಟಿ ಒಂದೊಂದಾಗಿ ಎಳೀರಿ. ಆಚೆ ಬದಿ ಯಾರೂ ನಿಂತಿರಬಾರದು, ಹೊಡೆಯೋರು ಕನ್ನಡಕ ಹಾಕಿರಬೇಕು.

ಹಗ್ಗವನ್ನ ನೇರ ತಂತಿಗೆ ಕಟ್ಟಬೇಡಿ. ಕವಲಿನ ಮೇಲೆ ಹೋದ ಹಗ್ಗದ ತುದಿಗೆ ಒಂದು ರಾಟೆ ಕಟ್ಟಿ, ರಾಟೆಯೊಳಗೆ ಎರಡನೇ ಹಗ್ಗ ಪೋಣಿಸಿ, ಆಮೇಲೆ ರಾಟೆಯನ್ನ ಮೇಲಕ್ಕೆ ಎಳೆದು ಮೊದಲ ಹಗ್ಗವನ್ನ ಬುಡಕ್ಕೆ ಬಿಗೀರಿ. ಆಂಟೆನಾ ಏರಿಳಿಯೋದು ಎರಡನೇ ಹಗ್ಗದಲ್ಲಿ. ತೊಗಟೆಗೆ ಹಗ್ಗ ಉಜ್ಜೋದಿಲ್ಲ, ಮತ್ತೆ ಮರ ಹತ್ತೋ ಕೆಲಸ ಇಲ್ಲ.

ಸಿಲ್ವರ್ ಮರ ಗಾಳಿಗೆ ಎಷ್ಟು ತೂಗುತ್ತೆ ಅಂತ ಜುಲೈನಲ್ಲಿ ನಿಂತು ನೋಡಿ. ಎರಡೂ ತುದಿ ಬಿಗಿಯಾಗಿ ಕಟ್ಟಿದರೆ ಮೊದಲ ದೊಡ್ಡ ಗಾಳಿಗೇ ತಂತಿ ತುಂಡು. ಒಂದು ತುದಿ ಕಟ್ಟಿ, ಇನ್ನೊಂದು ತುದಿಯ ಹಗ್ಗವನ್ನ ರಾಟೆಯಿಂದ ಇಳಿಸಿ 4 ಕಿಲೋ ಭಾರ ತೂಗುಬಿಡಿ. ಹಳೇ ಪೇಂಟ್ ಡಬ್ಬಕ್ಕೆ ಮರಳು ತುಂಬಿ, ಮುಚ್ಚಳ ಬಿಗಿದರೆ ಆಯಿತು. ಮರ ಆ ಕಡೆ ವಾಲಿದರೆ ಡಬ್ಬ ಮೇಲೇಳುತ್ತೆ, ಈ ಕಡೆ ವಾಲಿದರೆ ಕೆಳಗಿಳಿಯುತ್ತೆ, ತಂತಿಯ ಬಿಗಿ ಹಾಗೇ ಇರುತ್ತೆ. ನಿಮ್ಮ 26 ಮೀಟರಿಗೆ ನಡುವೆ ಒಂದು ಮೀಟರಿನಷ್ಟು ಜೋಲು ಬೀಳಬಹುದು, ಅದು ಸಹಜ. ಡಬ್ಬ ಬುಡದಿಂದ ಒಂದೆರಡು ಮೀಟರ್ ಮೇಲೆ ಓಡಾಡಲಿ, ಕೆಳಗೆ ಜನ ತಿರುಗೋ ದಾರಿ ಬೇಡ.

ಹಗ್ಗ ಪಾಲಿಯೆಸ್ಟರ್ ತನ್ನಿ. ಅಂಗಡಿಯ ಅಗ್ಗದ ಬಣ್ಣದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತೆ, ನಾರಿನದು ಮಳೆಗೆ ಕೊಳೆಯುತ್ತೆ, ನೈಲಾನ್ ಒದ್ದೆಯಾದರೆ ಹಿಗ್ಗುತ್ತೆ.

ಆನೆ ಓಡಾಡೋ ಜಾಗ ನಿಮ್ಮದು. ಕೇಬಲ್ಲನ್ನ ನೆಲದ ಮೇಲೆ ಹಾಯಿಸಬೇಡಿ, ಕುತ್ತಿಗೆ ಎತ್ತರದಲ್ಲಿ ಹಗ್ಗ ಅಡ್ಡ ಬಿಡಬೇಡಿ.


ಅಡಿಕೆ_ಸಾಲು (ಕೊಪ್ಪ)

ಮೂಡಿಗೆರೆಯವರು ಹೇಳಿದ್ದು ಪೂರಾ ಸರಿ ಮಾರಾಯ್ರೇ. ನಮ್ಮ ಕಡೆ ಅಡಿಕೆ ಕೊಯ್ಲಿಗೆ ತಂದ ಕಾರ್ಬನ್ ಫೈಬರ್ ದೋಟಿ ಇದೆಯಲ್ಲ, ಕವಲಿಗೆ ದಾರ ಹಾಯಿಸೋಕೆ ಕವಣೆಗಿಂತ ಅದೇ ಒಳ್ಳೇದು. ತುದಿಗೆ ದಾರದ ಕುಣಿಕೆ ಸಿಕ್ಕಿಸಿ, ಎತ್ತಿ, ಬೇಕಾದ ಕವಲಿನ ಆಚೆ ಇಳಿಸೋದು. ಗುರಿ ತಪ್ಪೋ ಮಾತಿಲ್ಲ.

ಆದರೆ ಕಾರ್ಬನ್ ಫೈಬರ್ ಕರೆಂಟ್ ಹರಿಸುತ್ತೆ. ನೋಡೋಕೆ ಪ್ಲಾಸ್ಟಿಕ್ ಥರ ಇದೆ ಅಂತ ಲೈನ್ ಹತ್ತಿರ ಎತ್ತಿದರೆ ಅಲ್ಯೂಮಿನಿಯಂಗೂ ಅದಕ್ಕೂ ವ್ಯತ್ಯಾಸ ಇಲ್ಲ. ಅದೇ ಕಾರಣಕ್ಕೆ ಅದನ್ನ ಆಂಟೆನಾದ ಕಂಬ ಮಾಡ್ಕೊಂಡು ತಂತಿ ಸುತ್ತೋದೂ ಬೇಡ. ಅಡಿಕೆ ಮರಕ್ಕೇ ಆಂಟೆನಾ ಕಟ್ಟೋ ಯೋಚನೆ ಇರೋರು ಬಿಟ್ಟುಬಿಡಿ, ತೆಳ್ಳಗಿನ ಮರ, ಗಾಳಿಗೆ ಅದರ ತಲೆ ಎಲ್ಲೆಲ್ಲೋ ಹೋಗಿ ಬರುತ್ತೆ.


ಗಿರಿಸಾಲು (ಚಿಕ್ಕಮಗಳೂರು)

ಸಿಡಿಲಿನ ಬಗ್ಗೆ ನಾನು ಹೇಳ್ತೀನಿ. ನಮ್ಮಲ್ಲಿ ಏಪ್ರಿಲ್-ಮೇ ಮಳೆಗೆ, ಮತ್ತೆ ಅಕ್ಟೋಬರಿನಲ್ಲಿ ಬರೋ ಗುಡುಗು ಜೂನ್-ಜುಲೈನ ಜಡಿಮಳೇಲಿ ಅಷ್ಟಿರೋದಿಲ್ಲ. ಹಾಗಾಗಿ ಮಳೆಗಾಲಕ್ಕೆ ಮುಂಚೆ ಆಂಟೆನಾ ಏರಿಸೋರು ಮೊದಲು ಅರ್ತಿಂಗ್ ಮುಗಿಸಬೇಕು.

ಕಿಟಕಿಯ ಹೊರಗೆ, ಗೋಡೆಯ ಬುಡದಲ್ಲಿ ಎರಡೂವರೆ ಮೀಟರಿನ ತಾಮ್ರ ಹೊದಿಸಿದ ರಾಡ್ ಹೊಡೆಸಿ. ಕೇಬಲ್ ಒಳಗೆ ಬರೋ ಜಾಗದಲ್ಲಿ ಗ್ಯಾಸ್ ಟ್ಯೂಬ್ ಅರೆಸ್ಟರ್ ಹಾಕಿ, ದಪ್ಪ ತಂತೀಲಿ, ಸುತ್ತುಬಳಸಿಲ್ಲದೆ ಆ ರಾಡಿಗೆ ಸೇರಿಸಿ. ಮನೆಯ ಕರೆಂಟಿನ ಅರ್ತಿಗೂ ಇದಕ್ಕೂ ಜೋಡಣೆ ಇರಲೇಬೇಕು. ಬೇರೆ ಬೇರೆ ಬಿಟ್ಟರೆ ಸಿಡಿಲು ಹತ್ತಿರ ಬಿದ್ದಾಗ ಎರಡರ ನಡುವಿನ ವೋಲ್ಟೇಜ್ ನಿಮ್ಮ ರಿಗ್ ಮೂಲಕವೇ ಹರಿಯುತ್ತೆ.

ಇಷ್ಟು ಮಾಡಿದರೂ ನೇರ ಹೊಡೆತ ತಡೆಯೋಕೆ ಆಗೋದಿಲ್ಲ. ಅರೆಸ್ಟರ್ ಇರೋದು ದೂರದ ಮಿಂಚು ಹುಟ್ಟಿಸೋ ಉಬ್ಬರಕ್ಕೆ. ಬಳಸದೆ ಇರುವಾಗ ಕೇಬಲ್ ಬಿಚ್ಚಿ, ಕಿಟಕಿಯಿಂದ ಹೊರಗೇ ಇಡಿ. ನಾನು ಅಡುಗೆಮನೆ ಗ್ಯಾಸ್ ಆಫ್ ಮಾಡೋ ಹೊತ್ತಿಗೇ ಅದನ್ನೂ ಬಿಚ್ಚೋದು, ಮಕ್ಕಳಿಗೂ ಅಭ್ಯಾಸ ಆಗಿದೆ. ಗುಡುಗು ಕೇಳಿದ ಮೇಲೆ ಬಿಚ್ಚೋಕೆ ಹೋಗಬೇಡಿ, ಆಗ ಕೈ ಹಾಕೋದೇ ಅಪಾಯ.

ವಿಎಚ್‌ಎಫ್ ಹ್ಯಾಂಡ್‌ಸೆಟ್ (ಕೈಲಿ ಹಿಡಿಯೋ, ನೇರ ದಾರೀಲಿ ಮಾತ್ರ ಮುಟ್ಟೋ ರೇಡಿಯೋ) ಒಂದಿದ್ದರೆ ಸಾಲದೇ ಅಂತ ಹೊಸಬರು ಕೇಳ್ತಿರ್ತಾರೆ. 1930 ಮೀಟರಿನ ಮುಳ್ಳಯ್ಯನಗಿರಿ ಮೇಲೆ ನಿಂತರೆ ಅದರಲ್ಲೇ ಎಷ್ಟೋ ದೂರ ಮಾತಾಡಬಹುದು. ಅದೇ ಸೆಟ್ ಹಿಡಿದು ಗಿರಿಯ ಹಿಂದಿನ ಕಣಿವೆಗೆ ಇಳಿದರೆ ಪಕ್ಕದ ಊರೂ ಸಿಗೋದಿಲ್ಲ. ಕಣಿವೇಲಿರೋರಿಗೆ 40 ಮೀಟರಿನ ತಂತಿಯೇ ಬೇಕು.


ಹಾನುಬಾಳು_ತೋಟ (ಸಕಲೇಶಪುರ)

ಆಂಟೆನಾ ಏರಿತು! ಮರಗಸಿಯವರೇ ಹಗ್ಗ ಹಾಯಿಸಿ ಕೊಟ್ಟರು. 9 ಮೀಟರ್ ಎತ್ತರ, ಡಬ್ಬದ ಭಾರ, ರಾಟೆ ಎಲ್ಲ ಹೇಳಿದ ಹಾಗೇ. ತಂತಿ ಒಟ್ಟು 20.6 ಮೀಟರ್. ಸ್ನೇಹಿತರ ನ್ಯಾನೋವಿಎನ್‌ಎ (ಆಂಟೆನಾ ಅಳೆಯೋ ಸಣ್ಣ ಮೀಟರ್) ತಂದು ನೋಡಿದರೆ ಎಸ್‌ಡಬ್ಲ್ಯೂಆರ್ (ರಿಗ್‌ಗೆ ಆಂಟೆನಾ ಎಷ್ಟು ಹೊಂದಿದೆ ಅನ್ನೋ ಅಳತೆ, 1 ಆದರೆ ಪೂರ್ತಿ ಹೊಂದಿದೆ) ತಳ ಮುಟ್ಟೋದು 6.85 ಮೆಗಾಹರ್ಟ್ಸ್‌ಗೆ. 7.1ರಲ್ಲಿ 3ರ ಹತ್ತಿರ ಇದೆ. ಎಷ್ಟು ಕತ್ತರಿಸಲಿ?


ಬೆಸುಗೆ_ಬೆಂಚು (ಬೇಲೂರು)

ಕತ್ತರಿಸಬೇಡಿ, ಮಡಚಿ.

ಲೆಕ್ಕ ಹೀಗೆ: ಈಗಿನ ಉದ್ದವನ್ನ ಈಗಿನ ಫ್ರೀಕ್ವೆನ್ಸಿಯಿಂದ ಗುಣಿಸಿ, ಬೇಕಾದ ಫ್ರೀಕ್ವೆನ್ಸಿಯಿಂದ ಭಾಗಿಸಿ. 20.6 ಇಂಟು 6.85 ಅಂದರೆ 141.1. ಅದನ್ನ 7.1ರಿಂದ ಭಾಗಿಸಿದರೆ 19.87. ಹೆಚ್ಚಿರೋದು ಸುಮಾರು 72 ಸೆಂಟಿಮೀಟರ್, ಒಂದೊಂದು ಬದಿಗೆ 36. ಇನ್ಸುಲೇಟರಿನ ಹತ್ತಿರ ಆ 36 ಸೆಂಟಿಮೀಟರನ್ನ ಹಿಂದಕ್ಕೆ ಮಡಚಿ ಅದೇ ತಂತಿಗೆ ಒತ್ತಾಗಿ ಸುತ್ತಿ, ಎರಡೂ ತುದಿಗೆ ಕೇಬಲ್ ಟೈ ಬಿಗೀರಿ. ಒತ್ತಾಗಿ ಸುತ್ತಿದ ಭಾಗ ಉದ್ದದ ಲೆಕ್ಕಕ್ಕೆ ಬರೋದಿಲ್ಲ. ಎರಡೂ ಬದಿ ಒಂದೇ ಅಳತೆ ಇರಲಿ.

ಈ 141.1ನ್ನ ಬರೆದಿಟ್ಟುಕೊಳ್ಳಿ. ಪುಸ್ತಕದ 143 ಬರಿ ತಂತಿಗೆ. ನಿಮ್ಮ ವೈರಿಗೆ, ನಿಮ್ಮ ಎತ್ತರಕ್ಕೆ, ನಿಮ್ಮ ನೆಲಕ್ಕೆ ಇದೇ ಅಂಕಿ.

ಎಸ್‌ಡಬ್ಲ್ಯೂಆರ್ 1.5ಕ್ಕೆ ಬಂದರೆ ನಿಲ್ಲಿಸಿ. 1.1 ಮಾಡ್ತೀನಿ ಅಂತ ದಿನಗಟ್ಟಲೆ ಏರಿಸಿ ಇಳಿಸೋದು ಶ್ರಮ ದಂಡ, ಒಂದು ಮಳೆ ಬಂದರೆ ಆ ಅಂಕಿ ಹೇಗೂ ಬದಲಾಗುತ್ತೆ.


ಹಾನುಬಾಳು_ತೋಟ (ಸಕಲೇಶಪುರ)

ಮಡಚಿದೆ. 7.1ರಲ್ಲಿ 1.4. ಬೆಂಗಳೂರಿನವರು ಮೊದಲ ಕರೆಗೇ 5-9 (ಸ್ಪಷ್ಟ, ಗಟ್ಟಿ ಅಂತ) ಕೊಟ್ಟರು, ಮಂಗಳೂರಿನವರೊಬ್ಬರು ನಿಮ್ಮದು ನಾಲ್ಕು ಮನೆ ಆಚೆಯಿಂದ ಬಂದ ಹಾಗಿದೆ ಅಂದರು. ಅಮ್ಮ ಕಿಟಕಿ ಹತ್ತಿರ ನಿಂತು ಪೂರ್ತಿ ಕೇಳಿಸಿಕೊಂಡರು. ನಿಮಗೆಲ್ಲ ಹೇಗೆ ಧನ್ಯವಾದ ಹೇಳಲಿ.

ಒಂದು ತೊಂದರೆ. ಸೆಕೆಂಡಿಗೊಂದು ಸಲ ಟಕ್, ಟಕ್ ಅಂತ ಸದ್ದು, 80ರಿಂದ 20 ಮೀಟರ್‌ವರೆಗೂ ಎಲ್ಲ ಬ್ಯಾಂಡಲ್ಲೂ. ಮೇನ್ ಸ್ವಿಚ್ ಆಫ್ ಮಾಡಿ ರಿಗ್ಗನ್ನ ಬ್ಯಾಟರೀಲಿ ಹಾಕಿ ನೋಡಿದೆ, ಹೋಗಲಿಲ್ಲ. ಅಂದರೆ ಮನೆಯೊಳಗಿನದಲ್ಲ.


ಆನೆ_ದಾರಿ (ಆಲೂರು)

ಸೋಲಾರ್ ಬೇಲಿ ಕಣ್ರೀ ಅದು. ನಿಮ್ಮದೋ, ಪಕ್ಕದ ತೋಟದ್ದೋ ಇರಬೇಕು. ಬೇಲಿಯ ಎನರ್ಜೈಸರ್ ಸೆಕೆಂಡಿಗೆ ಒಂದರಂತೆ ಸಾವಿರಾರು ವೋಲ್ಟಿನ ಹೊಡೆತ ಕಳಿಸುತ್ತೆ, ಅದರದ್ದೇ ಬ್ಯಾಟರಿ ಇರೋದರಿಂದ ಮೇನ್ ಆಫ್ ಮಾಡಿದರೆ ಅದಕ್ಕೇನೂ ಆಗೋದಿಲ್ಲ.

ಬೇಲಿ ಸರಿ ಇದ್ದರೆ ಇಷ್ಟು ಸದ್ದು ಬರೋದಿಲ್ಲ. ಎಲ್ಲೋ ಕಿಡಿ ಹಾರ್ತಿದೆ: ಲಂಟಾನ ತಂತಿಗೆ ತಾಗಿರುತ್ತೆ, ಇನ್ಸುಲೇಟರ್ ಒಡೆದಿರುತ್ತೆ, ತಂತಿ ಗಂಟು ತುಕ್ಕು ಹಿಡಿದಿರುತ್ತೆ. ಸಣ್ಣ ಟ್ರಾನ್ಸಿಸ್ಟರ್ ರೇಡಿಯೋವನ್ನ ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಜಾಗಕ್ಕೆ ಇಟ್ಟು ಬೇಲಿಗುಂಟ ನಡೀರಿ. ಟಕ್ ಸದ್ದು ಎಲ್ಲಿ ಜೋರಾಗುತ್ತೋ ಅಲ್ಲಿ ನಿಂತು ಬರಿ ಕಿವೀಲಿ ಕೇಳಿ, ಚಟ್ ಅಂತ ಕೇಳಿಸುತ್ತೆ. ಕತ್ತಲಲ್ಲಿ ನೀಲಿ ಕಿಡಿ ಕಾಣುತ್ತೆ ನಿಜ, ಆದರೆ ಆನೆ ತಿರುಗೋ ಹೊತ್ತಲ್ಲಿ ಬೇಲಿ ಹತ್ತಿರ ಹೋಗಬೇಡಿ, ಹಗಲಲ್ಲೇ ಹುಡುಕಿ. ಎನರ್ಜೈಸರ್ ಆಫ್ ಮಾಡಿಸದೆ ಏನನ್ನೂ ಮುಟ್ಟಬೇಡಿ.

ಪಕ್ಕದವರ ಬೇಲಿಯಾದರೆ ರೇಡಿಯೋ ಮಾತು ಎತ್ತಬೇಡಿ. ಕಿಡಿ ಹಾರೋ ಕಡೆ ಕರೆಂಟ್ ಸೋರ್ತಿದೆ, ಮುಂದಿನ ಬೇಲಿಗೆ ಹೊಡೆತ ಕಡಿಮೆ ಆಗ್ತಿದೆ, ಆನೆ ಅಲ್ಲೇ ನುಗ್ಗುತ್ತೆ ಅಂತ ಹೇಳಿ. ಅವತ್ತೇ ಸರಿ ಮಾಡಿಸ್ತಾರೆ. ಅದು ನಿಜವೂ ಹೌದು.


ಹಾನುಬಾಳು_ತೋಟ (ಸಕಲೇಶಪುರ)

ಆಲೂರು ಅಣ್ಣ, ಸಿಕ್ಕಿತು. ಹಳ್ಳದ ಹತ್ತಿರ ಬೇಲಿ ತಿರುಗೋ ಮೂಲೇಲಿ ಒಡೆದ ಇನ್ಸುಲೇಟರ್, ತಂತಿ ನೇರ ಕಲ್ಲುಕಂಬಕ್ಕೆ ತಾಗಿತ್ತು. ಪಕ್ಕದ ತೋಟದವರು ತಕ್ಷಣ ಹೊಸದು ಹಾಕಿಸಿದರು. ಈಗ ಬ್ಯಾಂಡ್ ಎಷ್ಟು ಶಾಂತ ಅಂದರೆ, ಮೊದಲು ಸದ್ದಿನಲ್ಲಿ ಮುಚ್ಚಿಹೋಗಿದ್ದ ಸ್ಟೇಷನ್‌ಗಳೆಲ್ಲ ಕೇಳ್ತಿವೆ.

ಮಳೆ ಹಿಡಿದ ಮೇಲೆ ಇನ್ನೊಂದು ಗಮನಿಸಿದೆ. ಹಗಲಲ್ಲಿ, ಸಂಜೇಲಿ ಬೆಂಗಳೂರು ಗಟ್ಟಿ. ಬೆಳಗಿನ ಜಾವ ಐದಕ್ಕೆ ಹಾಕಿದರೆ ಉತ್ತರ ಭಾರತದವರು ಕೇಳ್ತಾರೆ, ಬೆಂಗಳೂರಿನವರ ಸುಳಿವೇ ಇಲ್ಲ. ಅವರು ರೇಡಿಯೋ ಮುಂದೆ ಕೂತಿದ್ದರು ಅಂತ ಆಮೇಲೆ ಫೋನಿನಲ್ಲಿ ಖಚಿತ ಮಾಡ್ಕೊಂಡೆ. ಆಂಟೆನಾದಲ್ಲಿ ನೀರು ಹೋಗಿದೆಯಾ?


ಪೇಟೆ_ಹ್ಯಾಮ್ (ಹಾಸನ)

ನೀರು ಹೋಗಿಲ್ಲ, ಆಂಟೆನಾ ಸರಿಯಾಗೇ ಇದೆ. ಸೂರ್ಯ ಮುಳುಗಿದ ಮೇಲೆ ಎಫ್ ಪದರ ನಿಧಾನಕ್ಕೆ ತೆಳುವಾಗ್ತಾ ಬರುತ್ತೆ, ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಅತಿ ತೆಳು. ಆ ಹೊತ್ತಿಗೆ ನೇರ ಮೇಲೆ ಹೋದ 7 ಮೆಗಾಹರ್ಟ್ಸ್ ಪದರವನ್ನ ತೂರಿ ಹೊರಗೆ ಹೋಗಿಬಿಡುತ್ತೆ, ಓರೆಯಾಗಿ ಹೋದದ್ದು ಮಾತ್ರ ತಿರುಗಿ ದೂರದಲ್ಲಿ ಬೀಳುತ್ತೆ. ಅದಕ್ಕೇ ದೂರದವರು ಇದ್ದಾರೆ, ಹತ್ತಿರದವರು ಇಲ್ಲ. ಬಿಸಿಲು ಏರ್ತಿದ್ದ ಹಾಗೆ ಬೆಂಗಳೂರು ತಾನಾಗಿ ವಾಪಸ್ ಬರುತ್ತೆ.

ಗುಡ್ಡ ಕುಸಿಯೋದು ಗಂಟೆ ನೋಡಿಕೊಂಡಲ್ಲ. ನಿಮ್ಮ ಉದ್ದೇಶಕ್ಕೆ ರಾತ್ರಿಯ ದಾರಿಯೂ ಬೇಕು, ಅದು 80 ಮೀಟರ್ ಬ್ಯಾಂಡ್. ಹಗಲಲ್ಲಿ ಎಫ್‌ಗಿಂತ ಕೆಳಗಿರೋ ಡಿ ಪದರ ಅದನ್ನ ಹೀರಿಬಿಡುತ್ತೆ, ಕತ್ತಲಾದ ಮೇಲೆ ಡಿ ಪದರ ಕರಗಿ ಬ್ಯಾಂಡ್ ತೆರೆಯುತ್ತೆ.


ಬೆಸುಗೆ_ಬೆಂಚು (ಬೇಲೂರು)

ಬರೆದಿಟ್ಟ ಅಂಕಿ ತೆಗೀರಿ. ನಮ್ಮ 80 ಮೀಟರ್ ಬ್ಯಾಂಡ್ 3.5ರಿಂದ 3.7. 141.1ನ್ನ 3.6ರಿಂದ ಭಾಗಿಸಿದರೆ 39.2 ಮೀಟರ್, ಒಂದು ಬದಿಗೆ 19.6. ನೀವು 20.2 ಕತ್ತರಿಸಿ. ಈಗಿರೋ ಬಾಲನ್‌ಗೇ ಈ ಎರಡು ಕಾಲುಗಳನ್ನೂ (ಎರಡು ಬದಿಯ ತಂತಿ) ಸೇರಿಸಿ, 40 ಮೀಟರಿನ ಕಾಲುಗಳಿಂದ ಆದಷ್ಟು ಬೇರೆ ದಿಕ್ಕಿಗೆ ಎಳೀರಿ. ಕೇಬಲ್ ಅದೇ, ಬಾಲನ್ ಅದೇ. ಪೂರ್ತಿ ನೇರ ಎಳೆಯೋಕೆ ಜಾಗ ಸಾಲದಿದ್ದರೆ ಕೊನೆಯ ನಾಲ್ಕೈದು ಮೀಟರನ್ನ ಇನ್ನೊಂದು ಮರದ ಕಡೆ ತಿರುಗಿಸಿ, ದೊಡ್ಡ ನಷ್ಟ ಇಲ್ಲ. ತುದಿ ಮಾತ್ರ ಯಾರ ಕೈಗೂ ಎಟುಕಬಾರದು. ಸೇರಿಸಿದ ಮೇಲೆ 40 ಮೀಟರಿನ ಅಳತೆ ಸ್ವಲ್ಪ ಜರುಗುತ್ತೆ, ಎರಡನ್ನೂ ಮತ್ತೆ ನೋಡಿ.


ತೆಂಗಿನ_ಸೀಮೆ (ಅರಸೀಕೆರೆ)

ಬ್ಯಾಟರಿ ಲೆಕ್ಕವನ್ನೂ ಈಗಲೇ ಮಾಡ್ಕೊಳ್ಳಿ. 100 ವ್ಯಾಟಿನ ರಿಗ್ ಪೂರ್ತಿ ಪವರಿನಲ್ಲಿ 20 ಆಂಪಿಯರ್ ಎಳೆಯುತ್ತೆ. ಕರೆಂಟ್ ಇಲ್ಲದ ದಿನಗಳಲ್ಲಿ 20-25 ವ್ಯಾಟಿಗೆ ಇಳಿಸಿ. ಮನೆಯ ಯುಪಿಎಸ್ ಬ್ಯಾಟರಿಯಿಂದಲೇ ನೇರ ತಂತಿ ಎಳೆದು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿ, ಇನ್ವರ್ಟರ್ ಆಫ್ ಮಾಡಿ ರಿಗ್ ಓಡಿಸಿ. ಇನ್ವರ್ಟರ್ ಓಡ್ತಿದ್ದರೆ ಅದರ ಗದ್ದಲದಲ್ಲಿ ಸಣ್ಣ ಸಿಗ್ನಲ್ ಯಾವುದೂ ಕೇಳೋದಿಲ್ಲ.


ಹಾನುಬಾಳು_ತೋಟ (ಸಕಲೇಶಪುರ)

ಇಳಿಜಾರಿನ ಕೆಳಗೆ ಮೂರನೇ ಸಿಲ್ವರ್ ಮರ ಇದೆ, ನಡುವಿನಿಂದ 23 ಮೀಟರ್. ಎದುರು ಬದಿಗೆ ಹಳೇ ಹಲಸಿನ ಮರ. 80 ಮೀಟರಿನ ಕಾಲು ಎರಡೂ ಅಲ್ಲಿಗೆ ಹೋಗ್ತವೆ, ಸರ್ವಿಸ್ ವೈರಿಗೂ ಪಂಪ್ ಲೈನಿಗೂ ದೂರವೇ. ಮಳೆ ಎರಡು ದಿನ ಬಿಡುವು ಕೊಟ್ಟರೆ ವೈರ್ ತರೋಕೆ ಹಾಸನಕ್ಕೆ ಬರ್ತೀನಿ. ಪೇಟೆ ಹ್ಯಾಮ್ ಸಾರ್, ಆ ಭಾನುವಾರ ಮನೇಲಿರ್ತೀರಾ?


ಪೇಟೆ_ಹ್ಯಾಮ್ (ಹಾಸನ)

ಇರ್ತೀನಿ, ಬನ್ನಿ. ಪಾಲಿಯೆಸ್ಟರ್ ಹಗ್ಗ ನನ್ನ ಹತ್ತಿರ ಒಂದು ಸುರುಳಿ ಮಿಕ್ಕಿದೆ, ಅಂಗಡೀಲಿ ತಗೋಬೇಡಿ. 73.